ವಾರಂಟಿ ಬರಲ್ಲ ಅಂದರೆ ಕಾರಣ ಬರೆದು ಕೊಡಿ ಅನ್ನಿ

(ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಇವತ್ತು ನಾನು ಮಾತಾಡುವುದು ಒಂದೇ ಸನ್ನಿವೇಶದ ಬಗ್ಗೆ. ವಾರಂಟಿ ಇನ್ನೂ ಇದೆ. ಕಾರು ಕೆಟ್ಟಿದೆ. ಸರ್ವಿಸ್ ಸೆಂಟರಿನವರು ನೋಡಿ, ‘ಇದು ವಾರಂಟಿಗೆ ಬರಲ್ಲ’ ಅಂದಿದ್ದಾರೆ. ಕಂಪನಿಯ ಕಸ್ಟಮರ್ ಕೇರ್‌ಗೆ ಫೋನ್ ಮಾಡಿದರೆ ಅಲ್ಲೂ ಅದೇ ಉತ್ತರ. ಈಗ ಮುಂದೇನು?

ಸಾಮಾನ್ಯವಾಗಿ ಎರಡರಲ್ಲಿ ಒಂದು ಆಗುತ್ತದೆ. ಕೆಲವರು ಕೌಂಟರಿನಲ್ಲಿ ನಿಂತು ಜಗಳ ಆಡುತ್ತಾರೆ. ಇನ್ನು ಕೆಲವರು ಗಾಡಿ ಬೇಕೇ ಬೇಕಲ್ಲ ಎಂದು ಸುಮ್ನೆ ದುಡ್ಡು ಕಟ್ಟಿ ಬರುತ್ತಾರೆ. ಎರಡೂ ಅರ್ಥವಾಗುವಂಥದ್ದೇ. ಆದರೆ ಎರಡರಲ್ಲೂ ಒಂದು ಕೊರತೆ ಇದೆ. ‘ಬರಲ್ಲ’ ಎಂಬ ಮಾತು ಬಾಯಲ್ಲೇ ಉಳಿಯುತ್ತದೆ, ಕಾಗದಕ್ಕೆ ಇಳಿಯುವುದೇ ಇಲ್ಲ. ಬಾಯಿಮಾತಿನ ‘ಬರಲ್ಲ’ ಜೊತೆ ವಾದ ಮಾಡಲು ಆಗುವುದಿಲ್ಲ. ಯಾವ ಷರತ್ತು, ಯಾವ ಕಾರಣ, ಯಾವ ಪುರಾವೆ ಎಂದು ಬರೆದು ಕೊಟ್ಟ ಮೇಲೆ ಮಾತ್ರ ವಾದ ಶುರುವಾಗುತ್ತದೆ. ನಾನು ಇವತ್ತು ಹೇಳುವುದೆಲ್ಲ ಇದರ ಸುತ್ತಲೇ ಇದೆ.

ಇಲ್ಲ ಅಂದವರು ಯಾರು?

ಮೊದಲು ಇದನ್ನು ತಿಳಿದುಕೊಳ್ಳಬೇಕು. ಡೀಲರ್ ಬೇರೆ, ತಯಾರಕ ಕಂಪನಿ ಬೇರೆ. ವಾರಂಟಿ ಕೊಟ್ಟಿರುವುದು ಕಂಪನಿ. ಕೆಲಸ ಮಾಡುವುದು ಡೀಲರ್. ಕೆಲಸ ಮುಗಿಸಿದ ಡೀಲರ್ ಕಂಪನಿಗೆ ಕ್ಲೇಮ್ ಕಳಿಸಿ, ಬಿಡಿಭಾಗದ ಬೆಲೆ ಮತ್ತು ಕೂಲಿ ವಾಪಸ್ ಪಡೆಯುತ್ತಾನೆ. ಯಾವ ಕೆಲಸಕ್ಕೆ ಎಷ್ಟು ಹೊತ್ತಿನ ಕೂಲಿ ಎಂದು ಕಂಪನಿ ಮೊದಲೇ ನಿಗದಿ ಮಾಡಿರುತ್ತದೆ. ಕೆಟ್ಟ ಭಾಗವನ್ನು ವಾಪಸ್ ತರಿಸಿಕೊಂಡು ಪರೀಕ್ಷಿಸುವ ಹಕ್ಕೂ ಕಂಪನಿಗೆ ಇರುತ್ತದೆ. ಆಮೇಲೆ ಲೆಕ್ಕ ತಪಾಸಣೆ ಮಾಡಿ, ‘ಈ ಕ್ಲೇಮ್ ಸರಿಯಿಲ್ಲ’ ಅನಿಸಿದರೆ ಕೊಟ್ಟ ಹಣವನ್ನು ಡೀಲರನಿಂದ ಹಿಂದಕ್ಕೆ ವಸೂಲಿ ಮಾಡುತ್ತದೆ.

ಹಾಗಾಗಿ ನಿಮ್ಮೆದುರು ಕೂತ ಸರ್ವಿಸ್ ಅಡ್ವೈಸರ್‌ಗೆ ತನ್ನದೇ ಆದ ಭಯ ಇದೆ. ಆತ ‘ಬರಲ್ಲ’ ಅಂದರೆ ಕಂಪನಿ ಕ್ಲೇಮ್ ನೋಡಿ ನಿರಾಕರಿಸಿರಬಹುದು. ಅಥವಾ ನಿರಾಕರಿಸುತ್ತಾರೆ ಎಂದು ಆತನೇ ಊಹಿಸಿರಬಹುದು. ಕಂಪನಿಯನ್ನು ಕೇಳದೆಯೇ ಇದ್ದಿರಬಹುದು. ಇವು ಮೂರೂ ಬೇರೆ ಬೇರೆ ಸಂಗತಿಗಳು. ಹಾಗಾಗಿ ಮೊದಲ ಪ್ರಶ್ನೆ ಇಷ್ಟೇ: ‘ಕ್ಲೇಮ್ ಕಂಪನಿಗೆ ಹೋಗಿದೆಯಾ? ಹೋಗಿದ್ದರೆ ಅದರ ನಂಬರ್ ಏನು, ನಿರಾಕರಿಸಿದ ದಿನ ಯಾವುದು?’ ಹೋಗಿಲ್ಲ ಎಂದಾದರೆ ಇನ್ನೂ ಯಾರೂ ನಿರಾಕರಿಸಿಲ್ಲ ಎಂದರ್ಥ. ಕಳಿಸಿ ಎಂದು ಕೇಳಿ.

ಇನ್ನು ಕಸ್ಟಮರ್ ಕೇರ್. ಫೋನ್ ಎತ್ತುವವರು ನಿಮ್ಮ ಕಾರನ್ನು ನೋಡಿಲ್ಲ. ಅವರ ಮುಂದಿರುವುದು ಡೀಲರ್ ಬರೆದ ಟಿಪ್ಪಣಿ. ಅದನ್ನೇ ಓದಿ ಹೇಳುತ್ತಾರೆ. ನಿರ್ಧಾರ ಬದಲಿಸುವ ಅಧಿಕಾರ ಬಹಳ ಸಲ ಅವರಿಗೆ ಇರುವುದಿಲ್ಲ. ಅವರ ಮೇಲೆ ರೇಗಿ ಪ್ರಯೋಜನವಿಲ್ಲ, ರೇಗುವುದು ಸರಿಯೂ ಅಲ್ಲ. ಆದರೆ ಅವರಿಂದ ಎರಡು ಕೆಲಸ ಆಗಬೇಕು. ನಿಮ್ಮ ದೂರಿಗೆ ಟಿಕೆಟ್ ನಂಬರ್ ಬೇಕು. ಮತ್ತೆ, ನಿಮ್ಮ ಪ್ರದೇಶಕ್ಕೆ ಕಂಪನಿ ಇಟ್ಟಿರುವ ಸರ್ವಿಸ್ ಇಂಜಿನಿಯರ್ ಬಂದು ಕಾರನ್ನು ಕಣ್ಣಾರೆ ನೋಡಬೇಕು ಎಂಬ ನಿಮ್ಮ ಬೇಡಿಕೆ ದಾಖಲಾಗಬೇಕು. ತಾಂತ್ರಿಕ ಕಾರಣದ ಬಗ್ಗೆ ಕಂಪನಿಯ ಪರವಾಗಿ ಮಾತಾಡಬಲ್ಲ ವ್ಯಕ್ತಿ ಸಾಮಾನ್ಯವಾಗಿ ಈ ಇಂಜಿನಿಯರೇ. ಫೋನ್ ಇಟ್ಟ ಕೂಡಲೇ ‘ಇಂದು ಇಷ್ಟು ಗಂಟೆಗೆ ನಾವು ಮಾತಾಡಿದ್ದು ಇದು’ ಎಂದು ಒಂದು ಇಮೇಲ್ ಹಾಕಿಬಿಡಿ. ನಾಲ್ಕು ಸಾಲು ಸಾಕು.

‘ಇದರಿಂದಾದ ಹಾನಿ’

ವಾರಂಟಿ ಪುಸ್ತಕವನ್ನು ಕಾರು ಕೊಂಡ ದಿನ ಯಾರೂ ಓದುವುದಿಲ್ಲ. ಕೆಟ್ಟ ದಿನವಾದರೂ ಓದಲೇಬೇಕು. ಒಂದೇ ಪುಸ್ತಕದಲ್ಲಿ ಹಲವು ವಾರಂಟಿಗಳು ಇರುತ್ತವೆ. ಇಡೀ ಗಾಡಿಗೆ ಒಂದು, ಇಂಜಿನ್ ಮತ್ತು ಗೇರ್‌ಬಾಕ್ಸಿಗೆ ಒಂದು, ತುಕ್ಕಿಗೆ ಇನ್ನೊಂದು. ಎಲೆಕ್ಟ್ರಿಕ್ ಕಾರಿನ ಬ್ಯಾಟರಿಗೆ ಬೇರೆಯೇ ಇರುತ್ತದೆ. ಹಲವು ಕಂಪನಿಗಳು ಬ್ಯಾಟರಿಗೆ 8 ವರ್ಷ ಅಥವಾ 1,60,000 ಕಿಲೋಮೀಟರ್ ಕೊಡುತ್ತವೆ. ಅಷ್ಟರೊಳಗೆ ಅದರ ಸಾಮರ್ಥ್ಯ ಶೇ. 70ಕ್ಕಿಂತ ಕೆಳಗಿಳಿದರೆ ವಾರಂಟಿ ಅನ್ವಯಿಸುತ್ತದೆ. ಅಮೆರಿಕದಲ್ಲಿ ಹೊಗೆಯ ವಿಷವನ್ನು ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಮತ್ತು ಇಂಜಿನ್ ನಿಯಂತ್ರಿಸುವ ಕಂಪ್ಯೂಟರಿಗೆ ಮಾಲಿನ್ಯ ನಿಯಮದಡಿ 8 ವರ್ಷ ಅಥವಾ 80,000 ಮೈಲಿ ರಕ್ಷಣೆ ಇದೆ. ಇಡೀ ಗಾಡಿಯ ವಾರಂಟಿ ಮುಗಿದಿದ್ದರೂ ಕೆಟ್ಟ ಭಾಗ ಬೇರೊಂದು ವಾರಂಟಿಯಡಿ ಇರಬಹುದು. ಇದನ್ನು ನೋಡದೆ ದುಡ್ಡು ಕಟ್ಟುವವರು ಜಾಸ್ತಿ.

ಆಮೇಲೆ ಹೊರತುಪಡಿಸಿದ ವಿಷಯಗಳ ಪಟ್ಟಿ ಬರುತ್ತದೆ. ಬ್ರೇಕ್ ಪ್ಯಾಡ್, ವೈಪರ್ ಬ್ಲೇಡ್, ಕ್ಲಚ್ ಪ್ಲೇಟ್ ಥರದ ಸವೆಯುವ ಭಾಗಗಳು. ಅಪಘಾತ, ನೀರು ನುಗ್ಗುವುದು, ಕಲಬೆರಕೆ ಇಂಧನ, ಸರ್ವಿಸ್ ತಪ್ಪಿಸುವುದು, ಗಾಡಿಗೆ ಮಾಡಿಸಿದ ಮಾರ್ಪಾಡು. ಈ ಪಟ್ಟಿಯನ್ನು ಓದುವಾಗ ಒಂದು ಮಾತನ್ನು ಹುಡುಕಿ. ಸಾಮಾನ್ಯವಾಗಿ ಅಲ್ಲಿ ‘ಸರ್ವಿಸ್ ತಪ್ಪಿದರೆ ವಾರಂಟಿ ರದ್ದು’ ಎಂದು ಇರುವುದಿಲ್ಲ. ‘ಸರ್ವಿಸ್ ಸರಿಯಾಗಿ ಮಾಡಿಸದೆ ಇದ್ದುದರಿಂದ ಆದ ಹಾನಿ ವಾರಂಟಿಗೆ ಒಳಪಡುವುದಿಲ್ಲ’ ಎಂದಿರುತ್ತದೆ. ಎರಡಕ್ಕೂ ಅಜಗಜಾಂತರ ವ್ಯತ್ಯಾಸ. ಆಯಿಲ್ ಬದಲಿಸುವುದು ತಡವಾಗಿದೆ ಎಂದೇ ಇಟ್ಟುಕೊಳ್ಳಿ. ಅದಕ್ಕೂ ಕಿಟಕಿ ಏರಿಸುವ ಮೋಟರ್ ಸುಟ್ಟುಹೋಗಿದ್ದಕ್ಕೂ ಏನು ಸಂಬಂಧ? ಹೊರಗಿನ ಸ್ಪೀಕರ್ ಹಾಕಿಸಿದ್ದಕ್ಕೂ ಗೇರ್‌ಬಾಕ್ಸಿನ ಸೀಲ್ ಸೋರುವುದಕ್ಕೂ ಏನು ಸಂಬಂಧ? ನಿಮ್ಮ ಕಡೆಯಿಂದ ಒಂದು ಲೋಪ ಆಗಿದೆ ಎಂದು ತೋರಿಸಿದರೆ ಸಾಲದು. ಆ ಲೋಪವೇ ಈ ಹಾನಿಗೆ ಕಾರಣ ಎಂದೂ ತೋರಿಸಬೇಕು.

ಇದನ್ನು ಒಂದು ಉದಾಹರಣೆ ಹಿಡಿದು ಹತ್ತಿರದಿಂದ ನೋಡೋಣ. ಟರ್ಬೊ, ಅಂದರೆ ಇಂಜಿನ್ನಿಗೆ ಹೆಚ್ಚು ಗಾಳಿ ತಳ್ಳುವ ಭಾಗ, ಹೋಗಿದೆ ಅಂದುಕೊಳ್ಳಿ. ಟರ್ಬೊ ಒಳಗಿನ ಶಾಫ್ಟ್ ನಿಮಿಷಕ್ಕೆ 1,00,000 ಸುತ್ತಿಗಿಂತ ಜಾಸ್ತಿ ತಿರುಗುತ್ತದೆ. ಸಾಮಾನ್ಯ ವಿನ್ಯಾಸದಲ್ಲಿ ಅದನ್ನು ಹಿಡಿದಿಡುವುದು ಬೇರಿಂಗ್ ನಡುವೆ ಇರುವ ಆಯಿಲ್‌ನ ತೆಳುವಾದ ಪದರ. ಡೀಲರ್ ಹೇಳುವುದು, ‘ಆಯಿಲ್ ಸರಿಯಾಗಿ ಬದಲಿಸಿಲ್ಲ, ಅದಕ್ಕೇ ಹೋಗಿದೆ.’ ಇರಬಹುದು. ಆದರೆ ಟರ್ಬೊ ಹೇಗೆ ಹೋಯಿತು ಎಂಬುದರ ಗುರುತು ಅದರ ಮೈಮೇಲೇ ಇರುತ್ತದೆ. ಆಯಿಲ್ ಸಿಗದೆ ಹೋಗಿದ್ದರೆ ಶಾಫ್ಟ್ ಬಿಸಿಗೆ ನೀಲಿಗಟ್ಟಿರುತ್ತದೆ, ಬೇರಿಂಗಿನ ಲೋಹ ಕರಗಿ ಮೆತ್ತಿಕೊಂಡಿರುತ್ತದೆ. ಕೊಳೆಯಾದ ಆಯಿಲ್‌ನಿಂದ ಹೋಗಿದ್ದರೆ ಶಾಫ್ಟಿನ ಮೇಲೆ, ಬೇರಿಂಗಿನ ಮೇಲೆ ಸಣ್ಣ ಸಣ್ಣ ಗೀರುಗಳು ಸುತ್ತಲೂ ಬಿದ್ದಿರುತ್ತವೆ. ಹೊರಗಿನಿಂದ ಏನೋ ಒಳಹೊಕ್ಕು ಹೋಗಿದ್ದರೆ ಟರ್ಬೊ ಒಳಗಿನ ಚಕ್ರದ ಅಲಗುಗಳು ಚೂರಾಗಿರುತ್ತವೆ, ಬಾಗಿರುತ್ತವೆ.

ಈಗ ಪ್ರಶ್ನೆ ಕೇಳಲು ಬರುತ್ತದೆ. ಆಯಿಲ್ ಬದಲಿಸದ ಇಂಜಿನ್ ಆಗಿದ್ದರೆ ವಾಲ್ವ್ ಕವರ್ ತೆಗೆದಾಗ ಒಳಗೆ ಕಪ್ಪು ಮಡ್ಡಿ ಕಟ್ಟಿರಬೇಕಲ್ಲ, ಅದರ ಫೋಟೊ ಎಲ್ಲಿ? ಶಾಫ್ಟ್ ನೀಲಿಗಟ್ಟಿದೆ, ಆಯಿಲ್ ಸಿಕ್ಕಿಲ್ಲ ಅನ್ನುತ್ತೀರಿ. ಸರಿ, ಆಯಿಲ್ ತರುವ ಪೈಪ್ ಕಟ್ಟಿಕೊಂಡಿತ್ತಾ? ಆಯಿಲ್ ಪಂಪಿನ ಒತ್ತಡ ಅಳೆದಿರಾ? ಪಂಪಿನಲ್ಲೇ ದೋಷ ಇದ್ದರೆ ಆಯಿಲ್ ಸಿಗದಿರುವುದು ಮಾಲೀಕನ ತಪ್ಪಲ್ಲ, ತಯಾರಿಕೆಯ ತಪ್ಪು. ಸರಿಯಾದ ಹೊತ್ತಿಗೆ ಆಯಿಲ್ ಬದಲಿಸಿದ ಬಿಲ್‌ಗಳು, ಅದರ ಮೇಲೆ ಆಯಿಲ್‌ನ ದರ್ಜೆ ಮತ್ತು ಆ ದಿನದ ಓಡೋಮೀಟರ್ ರೀಡಿಂಗ್ ನಿಮ್ಮ ಹತ್ತಿರ ಇದ್ದರೆ ಅವರ ವಾದ ಅಲ್ಲಿಗೇ ಬಿದ್ದುಹೋಗುತ್ತದೆ.

ನೀವು ಮೆಕ್ಯಾನಿಕ್ ಆಗಬೇಕಿಲ್ಲ. ಆದರೆ ‘ಇದರಿಂದಲೇ ಅದು ಆಯಿತು ಎಂದು ಹೇಗೆ ತಿಳಿಯಿತು?’ ಎಂದು ಕೇಳುವುದು ಎಲ್ಲರಿಂದಲೂ ಆಗುತ್ತದೆ.

ಜಾಬ್ ಕಾರ್ಡ್

ಸರ್ವಿಸ್ ಸೆಂಟರಿಗೆ ಗಾಡಿ ಬಿಟ್ಟಾಗ ತೆರೆಯುವ ಜಾಬ್ ಕಾರ್ಡಿನ ಬೆಲೆ ಬಹಳ ಜನಕ್ಕೆ ಗೊತ್ತಾಗುವುದು ಜಗಳ ಶುರುವಾದ ಮೇಲೆ. ಅದರಲ್ಲಿ ‘ಗ್ರಾಹಕರ ದೂರು’ ಎಂಬ ಜಾಗ ಇರುತ್ತದೆ. ಅಡ್ವೈಸರ್ ಅಲ್ಲಿ ‘ಶಬ್ದ ಬರುತ್ತಿದೆ, ನೋಡಿ’ ಎಂದು ಗೀಚುತ್ತಾರೆ. ಅದಕ್ಕೆ ಒಪ್ಪಬೇಡಿ. ‘ಇಂಜಿನ್ ಬಿಸಿಯಾದ ಮೇಲೆ, ಮೂರನೇ ಗೇರಿನಲ್ಲಿ, 2000 ಆರ್‌ಪಿಎಂ ದಾಟಿದಾಗ ಸಿಳ್ಳೆಯಂಥ ಶಬ್ದ, ಜೊತೆಗೆ ಪಿಕಪ್ ಬೀಳುತ್ತದೆ’ ಎಂದು ನೀವೇ ಹೇಳಿ ಬರೆಸಿ. ಮೊಬೈಲಿನಲ್ಲಿ ಶಬ್ದದ ವಿಡಿಯೊ ಮಾಡಿ. ದಿನಾಂಕ, ಓಡೋಮೀಟರ್, ಡ್ಯಾಶ್‌ಬೋರ್ಡಿನಲ್ಲಿ ಉರಿಯುತ್ತಿರುವ ದೀಪ ಎಲ್ಲ ಅದರಲ್ಲಿ ಕಾಣಲಿ.

‘ಪರೀಕ್ಷಿಸಲಾಗಿದೆ, ಸಮಸ್ಯೆ ಕಂಡುಬಂದಿಲ್ಲ’ ಎಂದು ವಾಪಸ್ ಕೊಟ್ಟರೂ ಜಾಬ್ ಕಾರ್ಡಿನ ಪ್ರತಿ ಪಡೆಯದೆ ಬರಬೇಡಿ. ‘ಸಣ್ಣ ಕೆಲಸ ಸರ್, ಜಾಬ್ ಕಾರ್ಡ್ ಬೇಡ, ಹಾಗೇ ನೋಡಿಕೊಡ್ತೀವಿ’ ಅನ್ನುತ್ತಾರೆ. ಒಳ್ಳೆಯ ಮನಸ್ಸಿನಿಂದಲೇ ಹೇಳಿರಬಹುದು. ಆದರೆ ಆ ಭೇಟಿ ಯಾವ ದಾಖಲೆಯಲ್ಲೂ ಇರುವುದಿಲ್ಲ. ವಾರಂಟಿ ಮುಗಿಯಲು ಸ್ವಲ್ಪ ದಿನ ಇರುವಾಗ ಶುರುವಾದ ತೊಂದರೆ, ಮುಗಿದ ಮೇಲೆ ದೊಡ್ಡದಾದರೆ, ಮೊದಲ ದೂರು ವಾರಂಟಿಯೊಳಗೇ ಕೊಟ್ಟಿದ್ದೆ ಎಂದು ತೋರಿಸಲು ಆ ಹಾಳೆಯೇ ಬೇಕು. ಪದೇ ಪದೇ ಕೆಡುವ ಕಾರು ಕೊಂಡವರಿಗಾಗಿ ಇರುವ ಅಮೆರಿಕದ ‘ಲೆಮನ್’ ಕಾನೂನುಗಳೂ ನಿಂತಿರುವುದು ಇದರ ಮೇಲೆಯೇ. ಅಂಥ ಮೊದಲ ಕಾನೂನನ್ನು ಕನೆಕ್ಟಿಕಟ್ ರಾಜ್ಯ 1982ರಲ್ಲಿ ಮಾಡಿತು. ಈಗ ಎಲ್ಲ ರಾಜ್ಯಗಳಲ್ಲೂ ಇದೆ. ಒಂದೇ ದೋಷಕ್ಕೆ ಮೂರು ನಾಲ್ಕು ಸಲ ರಿಪೇರಿಗೆ ಬಿಟ್ಟರೂ ಸರಿಹೋಗದಿದ್ದರೆ, ಅಥವಾ ಒಟ್ಟು 30 ದಿನದಷ್ಟು ಕಾರು ಗ್ಯಾರೇಜಿನಲ್ಲೇ ಇದ್ದರೆ ಗಾಡಿ ಬದಲಿಸಿ ಅಥವಾ ಹಣ ವಾಪಸ್ ಕೊಡಿ ಎಂದು ಕೇಳಲು ಹೆಚ್ಚಿನ ರಾಜ್ಯಗಳಲ್ಲಿ ಅವಕಾಶ ಇದೆ. ಎಷ್ಟು ಸಲ ಬಿಟ್ಟಿರಿ, ಎಷ್ಟು ದಿನ ಇತ್ತು ಎಂಬುದಕ್ಕೆ ಜಾಬ್ ಕಾರ್ಡ್ ಬಿಟ್ಟರೆ ಬೇರೆ ಏನು ತೋರಿಸುತ್ತೀರಿ?

ಇನ್ನೊಂದು ಮಾತು. ಚೆಕ್ ಇಂಜಿನ್ ದೀಪ ಉರಿದಾಗ ಕಾರಿನ ಕಂಪ್ಯೂಟರ್ ಫಾಲ್ಟ್ ಕೋಡ್ (ದೋಷ ಯಾವುದೆಂದು ಹೇಳುವ ಸಂಕೇತ) ಜೊತೆಗೆ ಆ ಕ್ಷಣದ ವೇಗ, ಆರ್‌ಪಿಎಂ, ಕೂಲೆಂಟ್ ಬಿಸಿ ಎಲ್ಲವನ್ನೂ ಹಿಡಿದಿಟ್ಟಿರುತ್ತದೆ. ಸ್ಕ್ಯಾನರಿನಲ್ಲಿ ಕೋಡ್ ಅಳಿಸಿದರೆ ಅದೂ ಹೋಗುತ್ತದೆ. ಅಳಿಸುವ ಮೊದಲು ಪ್ರಿಂಟ್ ಕೊಡಿ ಅನ್ನಿ, ಇಲ್ಲವೇ ಸ್ಕ್ಯಾನರಿನ ಪರದೆಯ ಫೋಟೊ ತೆಗೆದುಕೊಳ್ಳಿ.

‘ಈ ಮಾಡೆಲ್ ಇರೋದೇ ಹೀಗೆ’

ನನಗೆ ಬಹಳ ಬೇಸರ ತರಿಸುವ ಉತ್ತರ ಇದು. ‘ಇದು ದೋಷ ಅಲ್ಲ, ಈ ಗಾಡಿಯ ಗುಣ.’ ಅಥವಾ ‘ನೀವು ಓಡಿಸುವ ರೀತಿ ಸರಿಯಿಲ್ಲ.’ ಇಂಥ ಉತ್ತರ ಕೇಳಿದವರು ತಮ್ಮ ಮೇಲೆ ತಾವೇ ಅನುಮಾನ ಪಡಲು ಶುರುಮಾಡುತ್ತಾರೆ. ನಾನೇ ಏನೋ ತಪ್ಪು ಮಾಡುತ್ತಿದ್ದೇನಾ ಅಂತ.

ಆಸ್ಟ್ರೇಲಿಯಾದ ಒಂದು ಪ್ರಕರಣವನ್ನು ಅದಕ್ಕೇ ಹೇಳುತ್ತೇನೆ. ಫೋರ್ಡ್ ಕಂಪನಿಯ ಫೋಕಸ್, ಫಿಯೆಸ್ಟಾ, ಇಕೋಸ್ಪೋರ್ಟ್ ಕಾರುಗಳಲ್ಲಿ ಪವರ್‌ಶಿಫ್ಟ್ ಎಂಬ, ತಾನೇ ಗೇರ್ ಬದಲಿಸುವ ಡ್ಯುಯಲ್ ಕ್ಲಚ್ ಗೇರ್‌ಬಾಕ್ಸ್ ಇತ್ತು. ಗಾಡಿ ನಡುಗುತ್ತದೆ, ಅದುರುತ್ತದೆ ಎಂದು ಜನ ದೂರು ಕೊಟ್ಟರು. ಗೇರ್‌ಬಾಕ್ಸಿನ ತೊಂದರೆಗಳು ಕಂಪನಿಗೆ ಗೊತ್ತಿದ್ದರೂ, ನೀವು ಓಡಿಸುವ ರೀತಿಯಿಂದ ಹೀಗಾಗುತ್ತಿದೆ ಎಂದು ಅನೇಕರಿಗೆ ಹೇಳಲಾಗಿತ್ತು. ಅಲ್ಲಿನ ಗ್ರಾಹಕ ರಕ್ಷಣಾ ಸಂಸ್ಥೆ ಎಸಿಸಿಸಿ ಕೇಸು ಹಾಕಿತು. 2018ರಲ್ಲಿ ಫೆಡರಲ್ ನ್ಯಾಯಾಲಯ ಫೋರ್ಡ್ ಆಸ್ಟ್ರೇಲಿಯಾಗೆ 1 ಕೋಟಿ ಆಸ್ಟ್ರೇಲಿಯನ್ ಡಾಲರ್ ದಂಡ ಹಾಕಿತು. ದಂಡ ಬಿದ್ದದ್ದು ದೂರು ಕೊಟ್ಟವರನ್ನು ನಡೆಸಿಕೊಂಡ ರೀತಿಗೆ. ಇದನ್ನು ಗಮನಿಸಿ.

ನಿಮಗೂ ಅದೇ ಉತ್ತರ ಬಂದರೆ ಒಂದು ಸುಲಭದ ಕೆಲಸ ಮಾಡಬಹುದು. ಅದೇ ಮಾಡೆಲಿನ, ಅದೇ ಇಂಜಿನ್ನಿನ ಇನ್ನೊಂದು ಕಾರನ್ನು ತರಿಸಿ, ಅಡ್ವೈಸರನ್ನು ಪಕ್ಕದಲ್ಲಿ ಕೂರಿಸಿಕೊಂಡು ಎರಡನ್ನೂ ಒಂದೇ ದಾರಿಯಲ್ಲಿ ಓಡಿಸಿ ನೋಡಿ. ವ್ಯತ್ಯಾಸ ಇದ್ದರೆ ಜಾಬ್ ಕಾರ್ಡಿನಲ್ಲಿ ಬರೆಸಿ. ಜೊತೆಗೆ, ಕಂಪನಿಗಳು ಡೀಲರುಗಳಿಗೆ ಕಳಿಸುವ ತಾಂತ್ರಿಕ ಸೂಚನೆಗಳನ್ನು ಹುಡುಕಿ. ‘ಈ ಮಾಡೆಲಿನಲ್ಲಿ ಇಂಥ ದೂರು ಬಂದರೆ ಈ ಭಾಗ ಬದಲಿಸಿ’ ಎಂದು ಅವುಗಳಲ್ಲಿ ಇರುತ್ತದೆ. ಅಮೆರಿಕದಲ್ಲಿ ಕಂಪನಿಗಳು ಇವುಗಳ ಪ್ರತಿಯನ್ನು ರಸ್ತೆ ಸುರಕ್ಷತೆಯ ಸರ್ಕಾರಿ ಸಂಸ್ಥೆಗೆ ಕೊಡಲೇಬೇಕು. ಆ ಸಂಸ್ಥೆಯ ಜಾಲತಾಣದಲ್ಲಿ ಯಾರು ಬೇಕಾದರೂ ನೋಡಬಹುದು. ನಿಮ್ಮ ದೇಶದ ಮಾಡೆಲ್ ಸ್ವಲ್ಪ ಬೇರೆ ಇದ್ದರೂ ಇಂಜಿನ್, ಗೇರ್‌ಬಾಕ್ಸ್ ಒಂದೇ ಆಗಿದ್ದರೆ ಅದು ಒಳ್ಳೆಯ ಸುಳಿವು. ನಿಮ್ಮ ಕಾರಿನ 17 ಅಕ್ಷರ-ಅಂಕಿಗಳ ಚಾಸಿ ನಂಬರ್ ಕೊಟ್ಟು, ಇದಕ್ಕೆ ಬಾಕಿ ಇರುವ ರೀಕಾಲ್ (ದೋಷ ಸರಿಪಡಿಸಲು ಕಂಪನಿಯೇ ಕಾರುಗಳನ್ನು ವಾಪಸ್ ಕರೆಸುವುದು) ಅಥವಾ ವಿಸ್ತರಿಸಿದ ವಾರಂಟಿ ಏನಾದರೂ ಇದೆಯಾ ಎಂದು ಕಂಪನಿಯನ್ನೂ ಲಿಖಿತವಾಗಿ ಕೇಳಿ.

ಹೊರಗಿನ ಗ್ಯಾರೇಜು

ಸಭೆಯಲ್ಲಿ ಒಬ್ಬರು ಕೇಳಿದರು: ಹೊರಗೆ ಸರ್ವಿಸ್ ಮಾಡಿಸಿದರೆ ವಾರಂಟಿ ಹೋಗುತ್ತದೆ ಅನ್ನುತ್ತಾರಲ್ಲ, ನಿಜವಾ? ಬಹಳಷ್ಟು ಕಡೆ ಹಾಗೆ ಸಾರಾಸಗಟಾಗಿ ಹೇಳುವ ಹಕ್ಕು ಕಂಪನಿಗೆ ಇಲ್ಲ. ಅಮೆರಿಕದಲ್ಲಿ 1975ರ ಮ್ಯಾಗ್ನಸನ್-ಮಾಸ್ ವಾರಂಟಿ ಕಾಯ್ದೆಯ ಪ್ರಕಾರ, ಉಚಿತವಾಗಿ ಕೊಡದ ಹೊರತು, ನಮ್ಮ ಬ್ರ್ಯಾಂಡಿನ ಭಾಗವನ್ನೇ, ನಮ್ಮ ಸರ್ವಿಸನ್ನೇ ಬಳಸಬೇಕು ಎಂದು ವಾರಂಟಿಗೆ ಷರತ್ತು ಹಾಕುವಂತಿಲ್ಲ. ಯುರೋಪಿನ ಸ್ಪರ್ಧಾ ನಿಯಮಗಳೂ 2010ರಿಂದ ಇದೇ ದಿಕ್ಕಿನಲ್ಲಿವೆ. ಭಾರತದ ಸ್ಪರ್ಧಾ ಆಯೋಗ 2014ರಲ್ಲಿ 14 ಕಾರು ಕಂಪನಿಗಳ ವಿರುದ್ಧ ಕೊಟ್ಟ ಆದೇಶದಲ್ಲೂ, ಹೊರಗಿನ ಮೆಕ್ಯಾನಿಕ್ ಹತ್ತಿರ ಹೋದ ಮಾತ್ರಕ್ಕೆ ವಾರಂಟಿ ರದ್ದು ಎಂಬ ಷರತ್ತು ಇರಬಾರದು ಎಂದಿತ್ತು. ಆ ಆದೇಶ ಆಮೇಲೆ ಮೇಲ್ಮನವಿಗೆ ಹೋಯಿತು. ಆದರೆ ಹೊರಗಿನವರು ಮಾಡಿದ ಕೆಟ್ಟ ಕೆಲಸದಿಂದಲೇ ಹಾನಿ ಆಗಿದ್ದರೆ ಕಂಪನಿ ನಿರಾಕರಿಸಬಹುದು. ಅದು ನ್ಯಾಯವೂ ಹೌದು. ಹೊರಗೆ ಮಾಡಿಸಿದರೆ ಏನು ಹಾಕಿದರು, ಯಾವಾಗ ಹಾಕಿದರು ಎಂಬ ಬಿಲ್ ಇರಲೇಬೇಕು.

ಕಾಗದ ಬರೆಯುವುದು

ಈಗ ಪತ್ರ. ಕಂಪನಿಯ ಗ್ರಾಹಕ ಸೇವೆಗೆ ಬರೆದು, ಡೀಲರಿಗೂ ಪ್ರತಿ ಕಳಿಸಿ. ಕೋಪ ಬೇಡ, ಕಥೆಯೂ ಬೇಡ. ಹೀಗೆ ಸಾಕು:

‘ನನ್ನ ಕಾರಿನ ಟರ್ಬೊ ದೋಷದ ಕ್ಲೇಮ್ ವಾರಂಟಿಗೆ ಬರುವುದಿಲ್ಲ ಎಂದು ನಿಮ್ಮ ಡೀಲರ್ ಮೌಖಿಕವಾಗಿ ತಿಳಿಸಿದ್ದಾರೆ. ವಾರಂಟಿ ಪುಸ್ತಕದ ಯಾವ ಷರತ್ತಿನ ಪ್ರಕಾರ ನಿರಾಕರಿಸಿದ್ದೀರಿ, ಹಾನಿಗೆ ಕಾರಣ ಏನೆಂದು ತೀರ್ಮಾನಿಸಿದ್ದೀರಿ, ಆ ತೀರ್ಮಾನಕ್ಕೆ ಆಧಾರವಾದ ತಪಾಸಣೆಯನ್ನು ಯಾರು, ಯಾವಾಗ ಮಾಡಿದರು ಎಂದು ಲಿಖಿತವಾಗಿ ತಿಳಿಸಿ. ಫೋಟೊ ಮತ್ತು ಅಳತೆಗಳನ್ನು ಕಳಿಸಿ. ಕೆಟ್ಟ ಭಾಗವನ್ನು ವಿಲೇವಾರಿ ಮಾಡಬೇಡಿ. 15 ದಿನಗಳೊಳಗೆ ಉತ್ತರ ಕೊಡಿ.’

ಈ ಪತ್ರ ಹೋದ ಮೇಲೆ ಬರುವ ಉತ್ತರದ ದನಿಯೇ ಬೇರೆ ಇರುತ್ತದೆ. ಪುರಾವೆ ಇದ್ದರೆ ಕಳಿಸುತ್ತಾರೆ. ಆಗ ನಿಮಗೂ ಸತ್ಯ ಗೊತ್ತಾಗುತ್ತದೆ. ಇಲ್ಲದಿದ್ದರೆ ‘ಮತ್ತೊಮ್ಮೆ ಪರಿಶೀಲಿಸುತ್ತೇವೆ’ ಎಂಬ ಉತ್ತರ ಬರಬಹುದು.

‘ಬಿಚ್ಚಿ ನೋಡಬೇಕು, ವಾರಂಟಿಗೆ ಬರದಿದ್ದರೆ ಬಿಚ್ಚಿದ ಖರ್ಚು ನಿಮ್ಮದು, ಸಹಿ ಮಾಡಿ’ ಎನ್ನುವ ಹಂತ ಬಂದಾಗ ಎಚ್ಚರ ಬೇಕು. ಖರ್ಚು ಎಷ್ಟು ಎಂದು ಬರೆಸಿಕೊಳ್ಳಿ. ಬಿಚ್ಚುವಾಗ ನಾನೋ ನನ್ನ ಪರವಾಗಿ ಒಬ್ಬ ತಜ್ಞರೋ ಇರುತ್ತೇವೆ ಎಂದು ಸೇರಿಸಿ. ಒಮ್ಮೆ ಬಿಚ್ಚಿ, ತೊಳೆದು ಇಟ್ಟ ಭಾಗದಲ್ಲಿ ಆಮೇಲೆ ಹುಡುಕಿದರೆ ಏನೂ ಸಿಗುವುದಿಲ್ಲ. ದೊಡ್ಡ ಮೊತ್ತದ ವಿಷಯವಾದರೆ ಡೀಲರಿಗೆ ಸಂಬಂಧ ಇಲ್ಲದ ಆಟೊಮೊಬೈಲ್ ಇಂಜಿನಿಯರ್ ಹತ್ತಿರ ವರದಿ ಮಾಡಿಸುವುದು ಒಳ್ಳೆಯದು. ಕಾರು ತುರ್ತಾಗಿ ಬೇಕು, ದುಡ್ಡು ಕಟ್ಟಲೇಬೇಕು ಅಂದಾಗ ಕಟ್ಟಿ. ಆದರೆ ‘ಆಕ್ಷೇಪಣೆ ಇಟ್ಟುಕೊಂಡೇ ಹಣ ಕಟ್ಟಿದ್ದೇನೆ, ವಾಪಸ್ ಕೇಳುವ ಹಕ್ಕು ಉಳಿಸಿಕೊಂಡಿದ್ದೇನೆ’ ಎಂದು ಬಿಲ್ ಮೇಲೆ ಬರೆದು ಸಹಿ ಮಾಡಿ. ಹಳೆಯ ಭಾಗವನ್ನು ನಿಮ್ಮ ಜೊತೆ ತನ್ನಿ.

ವಾರಂಟಿಯ ಆಚೆಗಿನ ಹಕ್ಕು

ಕಂಪನಿ ಕೊಡುವ ವಾರಂಟಿ ಒಂದು, ಕಾನೂನು ಕೊಡುವ ಹಕ್ಕು ಇನ್ನೊಂದು. ಒಂದು ಇಲ್ಲ ಅಂದಾಕ್ಷಣ ಇನ್ನೊಂದು ಹೋಗುವುದಿಲ್ಲ. ಬ್ರಿಟನ್ನಿನಲ್ಲಿ 2015ರ ಗ್ರಾಹಕ ಹಕ್ಕುಗಳ ಕಾಯ್ದೆಯಡಿ ದೋಷ ಇದ್ದರೆ 30 ದಿನದೊಳಗೆ ಕಾರನ್ನು ವಾಪಸ್ ಕೊಡಬಹುದು. ಆರು ತಿಂಗಳೊಳಗೆ ಕಂಡ ದೋಷ ಮೊದಲೇ ಇತ್ತು ಎಂದು ಎಣಿಸಲಾಗುತ್ತದೆ. ಇರಲಿಲ್ಲ ಎಂದು ತೋರಿಸುವ ಹೊಣೆ ಮಾರಿದವರದು. ಯುರೋಪ್ ಒಕ್ಕೂಟದ 2019ರ ನಿರ್ದೇಶನದಲ್ಲಿ ಈ ಅವಧಿ ಕನಿಷ್ಠ ಒಂದು ವರ್ಷ. ಈ ಎರಡೂ ಕಡೆ ಕೇಳಬೇಕಾದದ್ದು ಮಾರಿದವರನ್ನು, ತಯಾರಕರನ್ನಲ್ಲ. ಭಾರತದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ತಯಾರಕರು, ಮಾರಾಟಗಾರರು ಇಬ್ಬರನ್ನೂ ಹೊಣೆ ಮಾಡಬಹುದು. ಪರೀಕ್ಷೆ ಮಾಡದೆ ದೋಷ ತಿಳಿಯದು ಅನಿಸಿದರೆ ಗ್ರಾಹಕ ಆಯೋಗವೇ ಪ್ರಯೋಗಾಲಯದ ವರದಿ ತರಿಸಬಹುದು. ದೂರು ಕೊಡಲು ಎರಡು ವರ್ಷದ ಗಡುವು ಇದೆ. ಕಸ್ಟಮರ್ ಕೇರ್ ಜೊತೆ ಇಮೇಲ್ ಬರೆಯುತ್ತಾ ಕೂತರೆ ಆ ಗಡುವು ನಿಲ್ಲುವುದಿಲ್ಲ. ಇದನ್ನು ನೆನಪಿಡಿ.

ವಾರಂಟಿ ಮುಗಿದು ಸ್ವಲ್ಪವೇ ದಿನ ಆಗಿದ್ದರೆ ಇನ್ನೊಂದು ದಾರಿ ಇದೆ. ಅದನ್ನು ಕಂಪನಿಯವರು ಗುಡ್‌ವಿಲ್ ಅನ್ನುತ್ತಾರೆ. ಪೂರ್ತಿ ಅಲ್ಲದಿದ್ದರೂ ಬಿಡಿಭಾಗದ ಖರ್ಚನ್ನೋ ಅರ್ಧ ಖರ್ಚನ್ನೋ ಹೊರುತ್ತಾರೆ. ಹೊತ್ತಿಗೆ ಸರಿಯಾಗಿ ಸರ್ವಿಸ್ ಮಾಡಿಸಿದವರಿಗೆ ಇದು ಸಿಗುವ ಸಾಧ್ಯತೆ ಜಾಸ್ತಿ. ಆದರೆ ಬಾಯಿಬಿಟ್ಟು ಕೇಳದೆ ಸಿಗುವುದು ಅಪರೂಪ.

ಕಂಪನಿ ಕೊನೆಗೆ ಒಪ್ಪಿಕೊಂಡಾಗ ಒಂದು ಒಪ್ಪಂದದ ಹಾಳೆ ಮುಂದಿಡಬಹುದು. ಗಾಡಿ ಸಿಕ್ಕರೆ ಸಾಕು ಎಂಬ ಅವಸರದಲ್ಲಿ ಸಹಿ ಹಾಕಬೇಡಿ. ಅದರಲ್ಲಿ ‘ಈ ಕಾರಿನ ಬಗ್ಗೆ ಮುಂದೆ ಯಾವ ದೂರೂ ಇಲ್ಲ’ ಎಂದಿದ್ದರೆ, ‘ಈ ರಿಪೇರಿಗೆ ಸಂಬಂಧಿಸಿದಂತೆ ಮಾತ್ರ’ ಎಂದು ತಿದ್ದಿಸಿ. ಹೊಸದಾಗಿ ಹಾಕಿದ ಭಾಗಕ್ಕೆ ಎಷ್ಟು ದಿನದ ವಾರಂಟಿ ಎಂದೂ ಬರೆಸಿ. ವಾರಂಟಿಯಡಿ ಬದಲಿಸಿದ ಭಾಗಕ್ಕೆ ಬಹಳ ಸಲ ಗಾಡಿಯ ಉಳಿದ ವಾರಂಟಿಯಷ್ಟೇ ಸಿಗುತ್ತದೆ. ಉಳಿದಿರುವುದು ಒಂದೇ ತಿಂಗಳಾದರೆ, ಹೊಸ ಟರ್ಬೊಗೂ ಒಂದೇ ತಿಂಗಳು. ಅದನ್ನು ಹೆಚ್ಚಿಸಿ ಎಂದು ಕೇಳಬೇಕಾದದ್ದು ಸಹಿ ಹಾಕುವ ಮೊದಲು.